ಸಹಿಯ ಹಿಂದಿನ ಹೊಣೆ: ಇಂಜಿನಿಯರಿಂಗ್ ವೃತ್ತಿ ಮತ್ತು ಪರವಾನಗಿಯ ಪ್ರಶ್ನೆ

ಇಂಜಿನಿಯರೊಬ್ಬರ ಸಹಿಯುಳ್ಳ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆಯಾದರೂ ಪಡೆಯದ ಉದ್ಯಮಿಗಳು ನಮ್ಮ ಸದಸ್ಯರಲ್ಲಿ ವಿರಳ. ಕಾರ್ಖಾನೆಯ ಕಟ್ಟಡ ದೃಢವಾಗಿದೆ ಎಂಬುದಕ್ಕೆ, ವಿದೇಶದಿಂದ ತರಿಸಿದ ಹಳೆಯ ಯಂತ್ರದ ಮೌಲ್ಯಕ್ಕೆ, ಇ.ಪಿ.ಸಿ.ಜಿ. ಯೋಜನೆಯಡಿ ಆಮದಾದ ಯಂತ್ರ ನಿಜವಾಗಿಯೂ ಕಾರ್ಖಾನೆಯಲ್ಲಿ ಸ್ಥಾಪನೆಗೊಂಡಿದೆ ಎಂಬುದಕ್ಕೆ, ಬ್ಯಾಂಕಿನ ಸಾಲಕ್ಕೆ ಆಧಾರವಾಗಿ ನೀಡುವ ಕಟ್ಟಡದ ಅಂದಾಜಿಗೆ, ಹೀಗೆ ಹಲವು ಸಂದರ್ಭಗಳಲ್ಲಿ ಆ ಸಹಿ ಬೇಕಾಗುತ್ತದೆ. ಇದೇ ಕಡತದ ಮತ್ತೊಂದು ಪುಟದಲ್ಲಿ ಲೆಕ್ಕಪರಿಶೋಧಕರ ಸಹಿಯೂ ಇರುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ ಬಗೆಯವು. ಆದರೆ ಕಾನೂನಿನ ದೃಷ್ಟಿಯಲ್ಲಿ ಇವೆರಡರ ನಡುವೆ ಅಜಗಜಾಂತರ ವ್ಯತ್ಯಾಸವಿದೆ. ಈ ವ್ಯತ್ಯಾಸವೇನು, ಅದರಿಂದ ಉದ್ಯಮಿಗಳಿಗೆ ಆಗುವ ಬಾಧಕವೇನು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಲೆಕ್ಕಪರಿಶೋಧಕರ ಸಹಿಯ ಹಿಂದೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆ ಇದೆ. ಆ ಕಾಯಿದೆಯ ಎರಡನೆಯ ಅನುಸೂಚಿಯ ಮೊದಲ ಭಾಗವನ್ನು ನಮ್ಮ ವೃತ್ತಿಯವರು ಕಂಠಪಾಠ ಮಾಡಿರುತ್ತಾರೆ. ತಾನಾಗಲಿ, ತನ್ನ ಪಾಲುದಾರರಾಗಲಿ, ನೌಕರರಾಗಲಿ ಅಥವಾ ಇನ್ನೊಬ್ಬ ಚಾರ್ಟರ್ಡ್ ಅಕೌಂಟೆಂಟ್ ಆಗಲಿ ಪರಿಶೀಲಿಸದ ಲೆಕ್ಕಪತ್ರಕ್ಕೆ ಪ್ರಮಾಣ ನೀಡುವುದು ವೃತ್ತಿ ದುರ್ನಡತೆ. ಕರ್ತವ್ಯದಲ್ಲಿ ತಕ್ಕ ಶ್ರದ್ಧೆ ವಹಿಸದಿರುವುದು ಅಥವಾ ಘೋರ ನಿರ್ಲಕ್ಷ್ಯ ತೋರುವುದು ಕೂಡ ದುರ್ನಡತೆ. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು, ಅಂದರೆ 'ಕೆಲಸವಾದರೆ ಇಷ್ಟು' ಎಂಬ ಕರಾರನ್ನು, ಮೊದಲನೆಯ ಅನುಸೂಚಿ ನಿಷೇಧಿಸುತ್ತದೆ. ದೂರು ಸಾಬೀತಾದರೆ ಸದಸ್ಯರ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆದುಹಾಕಬಹುದು. ಅಂದಿನಿಂದ ಅವರ ಸಹಿಗೆ ದೇಶದ ಯಾವ ಮೂಲೆಯಲ್ಲಿಯೂ ಬೆಲೆಯಿಲ್ಲ. 2019ರಿಂದ ನಾವು ನೀಡುವ ಪ್ರತಿ ಪ್ರಮಾಣಪತ್ರಕ್ಕೂ 18 ಅಂಕಿಗಳ ಯು.ಡಿ.ಐ.ಎನ್. ಸಂಖ್ಯೆ ಕಡ್ಡಾಯವಾಗಿದ್ದು, ಬ್ಯಾಂಕಿನವರು ಅದನ್ನು ಅಂತರ್ಜಾಲದಲ್ಲಿ ತಾಳೆ ನೋಡಬಹುದು. ವಕೀಲರಿಗೆ 1961ರ ಕಾಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯಿದೆ, ವೈದ್ಯರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ ಇದೇ ಬಗೆಯ ಚೌಕಟ್ಟನ್ನು ಒದಗಿಸಿವೆ.

ಇಂಜಿನಿಯರುಗಳಿಗೆ? ಇಡೀ ದೇಶಕ್ಕೆ ಅನ್ವಯಿಸುವಂತೆ ಅವರನ್ನು ನೋಂದಾಯಿಸುವ, ತಪ್ಪಿತಸ್ಥರ ವೃತ್ತಿಯ ಹಕ್ಕನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಾವು ರೂಪಿಸಲಿಲ್ಲ. 1987ರ ಎ.ಐ.ಸಿ.ಟಿ.ಇ. ಕಾಯಿದೆ ಕಾಲೇಜುಗಳನ್ನು ನಿಯಂತ್ರಿಸುತ್ತದೆಯೇ ಹೊರತು ಪದವಿ ಪಡೆದು ಹೊರಬಂದ ವ್ಯಕ್ತಿಯನ್ನಲ್ಲ. 'ಚಾರ್ಟರ್ಡ್ ಇಂಜಿನಿಯರ್' ಎಂಬ ಬಿರುದನ್ನು ನೀಡುವ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ (ಇಂಡಿಯಾ) 1920ರಲ್ಲಿ ಸ್ಥಾಪನೆಯಾಗಿ 1935ರಲ್ಲಿ ರಾಜಸನ್ನದು ಪಡೆದ ಗೌರವಾನ್ವಿತ ಸಂಸ್ಥೆ. ಅದಕ್ಕೆ ತನ್ನದೇ ನೀತಿಸಂಹಿತೆಯೂ ಉಂಟು. ಆದರೆ ಅದು ನೀಡುವುದು ಸದಸ್ಯತ್ವವನ್ನು. ಸದಸ್ಯತ್ವ ಹೋದರೂ ಆ ವ್ಯಕ್ತಿ ಇಂಜಿನಿಯರೆಂದು ಫಲಕ ಹಾಕಿಕೊಂಡು ಕಟ್ಟಡದ ವಿನ್ಯಾಸ ಮಾಡುವುದನ್ನು ತಡೆಯುವ ಅಧಿಕಾರ ಅದಕ್ಕಿಲ್ಲ. ನಗರಪಾಲಿಕೆಗಳು ಸ್ಟ್ರಕ್ಚರಲ್ ಇಂಜಿನಿಯರುಗಳನ್ನು ತಮ್ಮ ಪಟ್ಟಿಯಲ್ಲಿ ನೋಂದಾಯಿಸಿಕೊಳ್ಳುತ್ತವೆ, ತೆಗೆದುಹಾಕುವುದೂ ಉಂಟು. ಆದರೆ ಒಂದು ಊರಿನ ಪಟ್ಟಿ ಆ ಊರಿನ ಗಡಿಗೆ ಮುಗಿಯುತ್ತದೆ.

ಪರವಾನಗಿ ಎಂಬುದು ಕಟ್ಟಡ ಬಿದ್ದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ನಾವು ಅಮೆರಿಕದ ಒಂದು ಪ್ರಕರಣವನ್ನು ನೋಡಬೇಕಾಗುತ್ತದೆ. ಅಷ್ಟು ದೂರ ಹೋಗುವುದಕ್ಕೆ ಕಾರಣವಿದೆ. ಅಲ್ಲಿ ದುರಂತದ ತಾಂತ್ರಿಕ ಕಾರಣ, ಇಂಜಿನಿಯರುಗಳ ವಾದ, ಆ ವಾದವನ್ನು ಒಪ್ಪದ ಆದೇಶ, ಮೇಲ್ಮನವಿಯ ತೀರ್ಪು ಎಲ್ಲವೂ ದಾಖಲೆಯಲ್ಲಿ ಉಳಿದಿವೆ.

ಮಿಸ್ಸೌರಿ ರಾಜ್ಯದ ಕಾನ್ಸಾಸ್ ಸಿಟಿಯ ಹಯಟ್ ರೀಜೆನ್ಸಿ ಹೋಟೆಲು 1980ರಲ್ಲಿ ಆರಂಭವಾಯಿತು. ಅದರ ಎತ್ತರವಾದ ಒಳಾಂಗಣದಲ್ಲಿ ಎರಡನೆಯ, ಮೂರನೆಯ ಹಾಗೂ ನಾಲ್ಕನೆಯ ಅಂತಸ್ತುಗಳ ಮಟ್ಟದಲ್ಲಿ ಮೂರು ತೂಗುಹಾದಿಗಳಿದ್ದವು. ಪ್ರತಿಯೊಂದೂ ಸುಮಾರು 120 ಅಡಿ ಉದ್ದ, ಸುಮಾರು 29 ಟನ್ ತೂಕ. ನಾಲ್ಕನೆಯ ಅಂತಸ್ತಿನ ಹಾದಿಯ ನೇರ ಕೆಳಗೆ ಎರಡನೆಯ ಅಂತಸ್ತಿನ ಹಾದಿ. 1981ರ ಜುಲೈ 17ರ ಸಂಜೆ ನೃತ್ಯ ಕಾರ್ಯಕ್ರಮಕ್ಕೆ ನೂರಾರು ಜನ ನೆರೆದಿದ್ದಾಗ ನಾಲ್ಕನೆಯ ಅಂತಸ್ತಿನ ಹಾದಿ ಕಳಚಿ ಎರಡನೆಯದರ ಮೇಲೆ ಬಿದ್ದು, ಎರಡೂ ಕೆಳಗಿದ್ದ ಜನರ ಮೇಲೆ ಕುಸಿದವು. 114 ಮಂದಿ ಸತ್ತರು. 200ಕ್ಕೂ ಹೆಚ್ಚು ಜನ ಗಾಯಗೊಂಡರು.

ಕಾರಣ ಅಷ್ಟೇನೂ ಜಟಿಲವಲ್ಲ. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿಬಿಟ್ಟ ಅಖಂಡ ಉಕ್ಕಿನ ಸಲಾಕೆಗಳು ನಾಲ್ಕನೆಯ ಅಂತಸ್ತಿನ ಹಾದಿಯ ತೊಲೆಗಳನ್ನು ತೂರಿಕೊಂಡು ಎರಡನೆಯ ಅಂತಸ್ತಿನವರೆಗೆ ಬರಬೇಕಿತ್ತು. ಎರಡೂ ಹಾದಿಗಳು ಒಂದೇ ಸಲಾಕೆಗೆ ಬೇರೆಬೇರೆಯಾಗಿ ಜೋತುಬೀಳುವ ವ್ಯವಸ್ಥೆ ಅದು. ನಡುವಿನ ನಟ್ಟನ್ನು ಕೂರಿಸಬೇಕಾದರೆ ಅಷ್ಟುದ್ದದ ಸಲಾಕೆಗೆ ಮರೆ ಕೊರೆಯಬೇಕು; ಅದು ತೊಡಕಿನ ಕೆಲಸ. ಆದ್ದರಿಂದ ಫ್ಯಾಬ್ರಿಕೇಟರ್ ಕಂಪನಿಯು ಒಂದು ಸಲಾಕೆಯ ಬದಲು ಎರಡು ತುಂಡುಗಳನ್ನು ಸೂಚಿಸಿತು. ಮೊದಲನೆಯದು ಚಾವಣಿಯಿಂದ ನಾಲ್ಕನೆಯ ಅಂತಸ್ತಿನ ತೊಲೆಯವರೆಗೆ. ಎರಡನೆಯದು ಅದೇ ತೊಲೆಯಿಂದ ಕೆಳಗಿನ ಹಾದಿಯವರೆಗೆ.

ಹಣ್ಣಿನ ಅಂಗಡಿಯ ಸೂರಿನಿಂದ ಇಳಿಬಿಟ್ಟ ಹಗ್ಗವೊಂದನ್ನು ಊಹಿಸಿಕೊಳ್ಳಿ. ಅದಕ್ಕೆ ಎರಡು ಬಾಳೆಗೊನೆಗಳನ್ನು ಮೇಲೊಂದು ಕೆಳಗೊಂದು ಪ್ರತ್ಯೇಕವಾಗಿ ಕಟ್ಟಿದರೆ ಪ್ರತಿ ಗಂಟೂ ತನ್ನ ಗೊನೆಯನ್ನಷ್ಟೇ ಹೊರುತ್ತದೆ. ಕೆಳಗಿನ ಗೊನೆಯನ್ನು ಹಗ್ಗಕ್ಕೆ ಕಟ್ಟದೆ ಮೇಲಿನ ಗೊನೆಯ ದಿಂಡಿಗೆ ಕಟ್ಟಿದರೆ? ಹಗ್ಗದ ಮೇಲಿನ ಭಾರ ಅಷ್ಟೇ. ಆದರೆ ಮೇಲಿನ ಗಂಟಿನ ಮೇಲೆ ಎರಡು ಗೊನೆಗಳ ಭಾರ. ಕಾನ್ಸಾಸ್ ಸಿಟಿಯಲ್ಲಿ ಆದದ್ದು ಇದೇ. ನಾಲ್ಕನೆಯ ಅಂತಸ್ತಿನ ತೊಲೆಯ ಕೆಳಗಿನ ನಟ್ಟು ಎರಡು ಹಾದಿಗಳ ಭಾರವನ್ನು ಹೊರಬೇಕಾಯಿತು. ತೊಲೆಯ ಉಕ್ಕು ಹರಿದು ನಟ್ಟು ಅದರೊಳಗಿಂದ ಜಾರಿ ಹೊರಬಂತು. ರಾಷ್ಟ್ರೀಯ ಮಾನಕ ಸಂಸ್ಥೆಯ ತನಿಖೆ ಕಂಡುಕೊಂಡಂತೆ, ಕಟ್ಟಿದ ರೀತಿಯಲ್ಲಿ ಆ ಜೋಡಣೆಗೆ ನಗರದ ಕಟ್ಟಡ ನಿಯಮ ಬಯಸುತ್ತಿದ್ದ ಸಾಮರ್ಥ್ಯದ ಶೇ. 30ರಷ್ಟು ಮಾತ್ರ ಇತ್ತು. ಮೂಲ ವಿನ್ಯಾಸದಂತೆ ಕಟ್ಟಿದ್ದರೂ ಶೇ. 60 ಮಾತ್ರ. ಅಂದರೆ ಬದಲಾವಣೆಗೆ ಮುಂಚೆಯೂ ಆ ಜೋಡಣೆಯ ಲೆಕ್ಕವನ್ನು ಯಾರೂ ಸರಿಯಾಗಿ ಹಾಕಿರಲಿಲ್ಲ.

ಇನ್ನು ಸಹಿಯ ವಿಚಾರ. ಬದಲಾವಣೆಯನ್ನು ತೋರಿಸುವ ತಯಾರಿಕಾ ನಕ್ಷೆಗಳು 1979ರ ಫೆಬ್ರವರಿಯಲ್ಲಿ ಇಂಜಿನಿಯರಿಂಗ್ ಸಂಸ್ಥೆಯ ಕಚೇರಿಗೆ ಬಂದವು. ಪರಿಶೀಲನೆಯ ಮೊಹರು ಬಿದ್ದು ಅದೇ ತಿಂಗಳು ಹಿಂದಿರುಗಿದವು. ದೂರವಾಣಿಯಲ್ಲಿ ಒಪ್ಪಿಗೆ ಪಡೆದಿದ್ದೆವು ಎಂದು ಫ್ಯಾಬ್ರಿಕೇಟರ್. ಅಂಥ ಕರೆ ಬಂದೇ ಇಲ್ಲ ಎಂದು ಇಂಜಿನಿಯರ್. ಲೆಕ್ಕಪರಿಶೋಧನೆಯಲ್ಲಿ ತಲೆ ನರೆತವರಿಗೆ ಈ ಮಾತುಗಳು ಬಹಳ ಪರಿಚಿತ. ಬಾಯಿಮಾತಿನ ಒಪ್ಪಿಗೆಗೆ ವೋಚರು ಇರುವುದಿಲ್ಲ. ಆದರೆ ಮೊಹರು ಕಾಗದದ ಮೇಲೆ ಇತ್ತು, ಮುಂದಿನ ವಿಚಾರಣೆಯೆಲ್ಲ ಅದರ ಸುತ್ತಲೇ ನಡೆಯಿತು.

ವ್ಯಾಪಾರಿಗಳು ಗಮನಿಸಬೇಕಾದ ಮತ್ತೊಂದು ಸಂಗತಿಯೂ ಈ ಪ್ರಕರಣದಲ್ಲಿದೆ. 1979ರ ಅಕ್ಟೋಬರಿನಲ್ಲಿ, ನಿರ್ಮಾಣದ ಹಂತದಲ್ಲಿಯೇ, ಒಳಾಂಗಣದ ಚಾವಣಿಯ ಒಂದು ಭಾಗ ಕುಸಿದಿತ್ತು. ಕೆಲಸದ ಸ್ಥಳದಲ್ಲಿ ಪೂರ್ಣಾವಧಿ ತಪಾಸಣೆಗೆ ತಮ್ಮ ಪ್ರತಿನಿಧಿಯನ್ನು ಇರಿಸಲು ಇಂಜಿನಿಯರಿಂಗ್ ಸಂಸ್ಥೆ ಕೇಳಿಕೊಂಡಿತ್ತು. ಹೆಚ್ಚುವರಿ ವೆಚ್ಚವೆಂಬ ಕಾರಣಕ್ಕೆ ಮಾಲೀಕರ ಕಡೆಯಿಂದ ಅನುಮತಿ ದೊರೆಯಲಿಲ್ಲ. ಮುಂದೆ ಪರಿಹಾರವಾಗಿ ಪಾವತಿಯಾದ ಮೊತ್ತ ಸುಮಾರು 14 ಕೋಟಿ ಡಾಲರ್. ತಪಾಸಣಾಧಿಕಾರಿಯ ಸಂಬಳವನ್ನು ಇದರೊಡನೆ ಹೋಲಿಸಿ ನೋಡುವ ಕೆಲಸವನ್ನು ವಾಚಕರಿಗೇ ಬಿಡುತ್ತೇನೆ.

ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಅದಕ್ಕೆ ಬೇಕಾದ ಸಾಕ್ಷ್ಯ ದೊರೆಯಲಿಲ್ಲ. ನಮ್ಮಲ್ಲಾಗಿದ್ದರೆ ವೃತ್ತಿಪರರ ಮಟ್ಟಿಗೆ ವಿಷಯ ಬಹುಶಃ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಲ್ಲಿ ರಾಜ್ಯದ ಪರವಾನಗಿ ಮಂಡಳಿ ಇತ್ತು. ಮಂಡಳಿಯ ದೂರಿನ ಮೇಲೆ ವಾರಗಟ್ಟಲೆ ವಿಚಾರಣೆ ನಡೆದು, 1985ರ ನವೆಂಬರಿನಲ್ಲಿ ನ್ಯಾಯಾಧೀಶ ಜೇಮ್ಸ್ ಡಾಯಿಚ್ ಅವರು ಸಂಸ್ಥೆಯ ಮುಖ್ಯಸ್ಥ ಜ್ಯಾಕ್ ಗಿಲ್ಲಮ್ ಹಾಗೂ ಯೋಜನೆಯ ಇಂಜಿನಿಯರ್ ಡೇನಿಯಲ್ ಡಂಕನ್ ಅವರನ್ನು ಘೋರ ನಿರ್ಲಕ್ಷ್ಯದ ತಪ್ಪಿತಸ್ಥರೆಂದು ನಿರ್ಣಯಿಸಿದರು. ಇಬ್ಬರೂ ಮಿಸ್ಸೌರಿಯಲ್ಲಿ ಪರವಾನಗಿ ಕಳೆದುಕೊಂಡರು. ಸಂಸ್ಥೆಯ ಅಧಿಕಾರಪತ್ರವೂ ರದ್ದಾಯಿತು. 1988ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಆದೇಶವನ್ನು ಎತ್ತಿಹಿಡಿಯಿತು.

ಇಂಜಿನಿಯರುಗಳ ಪ್ರಮುಖ ವಾದವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಉಕ್ಕಿನ ಜೋಡಣೆಗಳ ವಿನ್ಯಾಸವನ್ನು ಫ್ಯಾಬ್ರಿಕೇಟರ್ ಮಾಡುವುದು ಉದ್ಯಮದ ರೂಢಿ, ಆದ್ದರಿಂದ ಹೊಣೆ ತಮ್ಮದಲ್ಲ ಎಂಬುದು ಅವರ ನಿಲುವು. ರೂಢಿ ಏನೇ ಇರಲಿ, ಮೊಹರು ಹಾಕಿದವನು ಆ ನಕ್ಷೆಗೆ ಹೊಣೆಗಾರ. ಕೆಲಸವನ್ನು ಇತರರಿಗೆ ಹಂಚಬಹುದು, ಆದರೆ ಹೊಣೆಯನ್ನು ಹಂಚಲಾಗದು ಎಂಬುದು ನಿರ್ಣಯದ ತಿರುಳು. ನಕ್ಷೆಯನ್ನು ತಾವೇ ಬಿಡಿಬಿಡಿಯಾಗಿ ನೋಡಿರದ ಗಿಲ್ಲಮ್ ಅವರೂ ತಮ್ಮ ಮೊಹರಿನ ಕಾರಣದಿಂದಲೇ ಸಿಕ್ಕಿಬಿದ್ದರು. 'ಆರ್ಟಿಕಲ್ಡ್ ಕ್ಲರ್ಕ್ ನೋಡಿದ್ದ, ನಾನು ಸಹಿ ಮಾಡಿದೆ' ಎಂಬ ಸಮಜಾಯಿಷಿಯನ್ನು ನಮ್ಮ ಶಿಸ್ತು ಸಮಿತಿಯೂ ಒಪ್ಪುವುದಿಲ್ಲ. ಎರಡು ದೇಶ, ಎರಡು ವೃತ್ತಿ. ಆದರೂ 'ಘೋರ ನಿರ್ಲಕ್ಷ್ಯ' ಎಂಬ ಪದ ಎರಡೂ ಕಡೆ ಒಂದೇ. ಗಿಲ್ಲಮ್ ಅವರು ಮುಂದಿನ ವರ್ಷಗಳಲ್ಲಿ ಇಂಜಿನಿಯರುಗಳ ಸಭೆಗಳಿಗೆ ಹೋಗಿ ಈ ದುರಂತದ ಬಗ್ಗೆ ಸ್ವತಃ ಮಾತನಾಡುತ್ತಿದ್ದರು ಎಂಬುದನ್ನು ಅವರ ಪರವಾಗಿ ಹೇಳಬೇಕು.

ಅಮೆರಿಕದಲ್ಲಿ ಈ ಪದ್ಧತಿ ಒಂದೇ ದಿನದಲ್ಲಿ ಬಂದದ್ದಲ್ಲ. ಮೊದಲ ಕಾಯಿದೆ ಮಾಡಿದ್ದು ವಯೋಮಿಂಗ್ ರಾಜ್ಯ, 1907ರಲ್ಲಿ. ಟೆಕ್ಸಾಸ್ ಕಾಯಿದೆ ಮಾಡಿದ್ದು 1937ರಲ್ಲಿ, ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಅನಿಲ ಸ್ಫೋಟವಾಗಿ ಸುಮಾರು 300 ಜನ, ಬಹುಪಾಲು ಮಕ್ಕಳು, ಸತ್ತ ಮೇಲೆ. ಪದವಿ, ಎರಡು ಪರೀಕ್ಷೆಗಳು, ಸಾಮಾನ್ಯವಾಗಿ ನಾಲ್ಕು ವರ್ಷಗಳ ಅನುಭವ ಇವಿಷ್ಟೂ ಆದ ಬಳಿಕವೇ ಮೊಹರು ಕೈಗೆ ಬರುತ್ತದೆ. ಕಾರ್ಖಾನೆಗಳ ಒಳಗೆ ಸಂಬಳಕ್ಕೆ ದುಡಿಯುವ ಇಂಜಿನಿಯರುಗಳಿಗೆ ಬಹುತೇಕ ರಾಜ್ಯಗಳು ವಿನಾಯಿತಿ ನೀಡಿವೆ ಎಂಬುದೂ ಗಮನಾರ್ಹ.

ನಮ್ಮಲ್ಲಿ ದುರಂತಗಳಿಗೇನೂ ಕೊರತೆಯಿಲ್ಲ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ನಿರ್ಮಾಣ ಹಂತದ ಗಂಗಾರಾಂ ಕಟ್ಟಡ ಕುಸಿದು 123 ಜನ ಸತ್ತದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಹುಮಹಡಿ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಇಂಥ ಸಂದರ್ಭಗಳಲ್ಲಿ ಪೊಲೀಸು, ಬಂಧನ, ಜಾಮೀನು, ಮೊಕದ್ದಮೆ ಎಂಬ ಕ್ರಮ ನಡೆಯುತ್ತದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದಕ್ಕೆ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣ ಅನ್ವಯಿಸುತ್ತದೆ. ಆದರೆ ಅದು ಜನ ಸತ್ತ ಮೇಲಿನ ಮಾತು. ಕಟ್ಟಡ ಇನ್ನೂ ನಿಂತಿರುವಾಗಲೇ, ತಪ್ಪು ಲೆಕ್ಕ ಹಾಕಿದ ಅಥವಾ ಸ್ಥಳಕ್ಕೆ ಬಾರದೆ ಸಹಿ ಹಾಕಿದ ಇಂಜಿನಿಯರ ಮೇಲೆ ದೂರು ಕೊಡಲು ಅಂಥ ಮಂಡಳಿ ಬೇಕು.

ಗುಜರಾತ್ ರಾಜ್ಯ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿತು. 2001ರ ಜನವರಿ 26ರ ಭೂಕಂಪದಲ್ಲಿ ಕೇಂದ್ರಬಿಂದುವಿನಿಂದ 200 ಕಿ.ಮೀ.ಗೂ ದೂರವಿದ್ದ ಅಹಮದಾಬಾದಿನಲ್ಲಿ ಹಲವು ಬಹುಮಹಡಿ ವಸತಿ ಕಟ್ಟಡಗಳು ಕುಸಿದವು. ವಾಹನ ನಿಲುಗಡೆಗೆಂದು ನೆಲ ಅಂತಸ್ತನ್ನು ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ನಿಲ್ಲಿಸಿದ ವಿನ್ಯಾಸ ಟೀಕೆಗೆ ಗುರಿಯಾಯಿತು. 2006ರಲ್ಲಿ ಆ ರಾಜ್ಯವು ಸಿವಿಲ್ ಇಂಜಿನಿಯರುಗಳ ನೋಂದಣಿಗೆ ಪ್ರತ್ಯೇಕ ಕಾಯಿದೆ ಮಾಡಿತು. ಆದರೆ ಕಾಯಿದೆಯೊಂದೇ ಸಾಲದು. ಅದೇ ರಾಜ್ಯದ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರು. ಸೇತುವೆಯ ನಿರ್ವಹಣೆ ಒಂದು ಗಡಿಯಾರ ತಯಾರಿಕಾ ಉದ್ಯಮ ಸಮೂಹದ ಕೈಯಲ್ಲಿತ್ತು. ದುರಸ್ತಿಯ ನಂತರ ಭಾರ ಪರೀಕ್ಷೆಯನ್ನಾಗಲಿ ಅರ್ಹತಾ ಪತ್ರವನ್ನಾಗಲಿ ಪಡೆಯದೆ ನಾಲ್ಕು ದಿನಗಳ ಹಿಂದಷ್ಟೇ ಅದನ್ನು ಜನರಿಗೆ ತೆರೆಯಲಾಗಿತ್ತು. ಇಂಜಿನಿಯರ ಸಹಿಯನ್ನು ಕೇಳುವವರೇ ಇಲ್ಲದಿದ್ದರೆ ನೋಂದಣಿ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಬಿರುದನ್ನು ಕಾಯುವುದು ಬೇರೆ, ವೃತ್ತಿಯನ್ನು ಕಾಯುವುದು ಬೇರೆ. 1972ರ ವಾಸ್ತುಶಿಲ್ಪಿಗಳ ಕಾಯಿದೆ ನೋಂದಾಯಿತರಲ್ಲದವರು 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳುವುದನ್ನು ಮಾತ್ರ ತಡೆಯುತ್ತದೆ, ಆ ಕೆಲಸ ಮಾಡುವುದನ್ನಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು. ಇಂಜಿನಿಯರುಗಳಿಗೆ ಬರುವ ಕಾಯಿದೆ ಬಿರುದಿಗಷ್ಟೇ ಸೀಮಿತವಾದರೆ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ಶಿಸ್ತಿನ ಅಧಿಕಾರವನ್ನು ಸಂಪೂರ್ಣವಾಗಿ ಅದೇ ವೃತ್ತಿಯವರ ಕೈಗೆ ಒಪ್ಪಿಸುವುದೂ ಸರಿಯಲ್ಲ. 2009ರಲ್ಲಿ ಸತ್ಯಂ ಹಗರಣ ಬಯಲಾದ ಮೇಲೆ ನಮ್ಮ ವೃತ್ತಿಯ ಮೇಲಿನ ನಂಬಿಕೆ ಕುಗ್ಗಿತು. ದೊಡ್ಡ ಕಂಪನಿಗಳ ಲೆಕ್ಕಪರಿಶೋಧಕರ ಮೇಲೆ ನಿಗಾ ಇಡಲು 2018ರಲ್ಲಿ ಎನ್.ಎಫ್.ಆರ್.ಎ. ಎಂಬ ಹೊರಗಿನ ಪ್ರಾಧಿಕಾರವನ್ನು ರಚಿಸಬೇಕಾಯಿತು. ಆ ಪಾಠವನ್ನು ಇಂಜಿನಿಯರುಗಳು ಮೊದಲೇ ಕಲಿತರೆ ಒಳಿತು.

ಕಾಯಿದೆ ಬರುವವರೆಗೆ ಉದ್ಯಮಿಗಳು ಏನು ಮಾಡಬಹುದು? ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸುವ ಮುನ್ನ ಓದುವುದು ಮೊದಲ ಕೆಲಸ. ನನ್ನ ವೃತ್ತಿಯಲ್ಲಿ ಕಂಡ ವೋಚರುಗಳಲ್ಲಿ ಕಟ್ಟಡ ದೃಢತೆಯ ಪ್ರಮಾಣಪತ್ರದ ಶುಲ್ಕ ಇರುತ್ತದೆ, ಆದರೆ ಬೇರೆ ಊರಿನಿಂದ ಬಂದರೆನ್ನಲಾದ ಇಂಜಿನಿಯರ ಪ್ರಯಾಣ ವೆಚ್ಚ ಇರುವುದಿಲ್ಲ. ಕೋರಿಕೆಯ ಪತ್ರಕ್ಕೂ ಪ್ರಮಾಣಪತ್ರಕ್ಕೂ ಒಂದೇ ತಾರೀಖು. ಲೆಕ್ಕದ ದೃಷ್ಟಿಯಿಂದ ವೋಚರು ಸರಿಯಾಗಿಯೇ ಇರುತ್ತದೆ. ಆದರೆ ಅಂಥ ಕಾಗದ ತಪಾಸಣಾಧಿಕಾರಿಯನ್ನು ತೃಪ್ತಿಪಡಿಸಬಹುದೇ ಹೊರತು ಚಾವಣಿಯನ್ನು ಹಿಡಿದು ನಿಲ್ಲಿಸದು. ಸ್ಥಳಕ್ಕೆ ಯಾರು, ಎಂದು ಬಂದರು, ಯಾವ ನಕ್ಷೆಗಳನ್ನು ನೋಡಿದರು, ಮಹಡಿಯ ಮೇಲೆ ಚದರ ಮೀಟರಿಗೆ ಎಷ್ಟು ಭಾರವೆಂದು ಲೆಕ್ಕ ಹಿಡಿದರು ಎಂಬುದು ಪತ್ರದಲ್ಲಿಯೇ ನಮೂದಾಗಿರಬೇಕು. ಕಚೇರಿಗೆಂದು ಕಟ್ಟಿದ ಮಹಡಿಯನ್ನು ಗೋದಾಮು ಮಾಡಿ ಸೂರಿನವರೆಗೆ ಸರಕು ಪೇರಿಸುವುದು ನಮ್ಮ ಪೇಟೆಗಳಲ್ಲಿ ತೀರ ಸಾಮಾನ್ಯ. ಅದು ಇಂಜಿನಿಯರಿಗೆ ತಿಳಿಯದಿದ್ದರೆ ಅವರ ಲೆಕ್ಕಕ್ಕೆ ಅರ್ಥವಿಲ್ಲ, ತಿಳಿಸಬೇಕಾದವರು ಮಾಲೀಕರೇ.

ನೇಮಕಾತಿ ಪತ್ರದಲ್ಲಿ ಶುಲ್ಕವನ್ನು ಮೊದಲೇ ನಿಗದಿಪಡಿಸಿ, ವರದಿ ಅನುಕೂಲವಾಗಿದ್ದರೂ ಪ್ರತಿಕೂಲವಾಗಿದ್ದರೂ ಅದು ಸಲ್ಲುತ್ತದೆ ಎಂದು ಬರೆಯಬೇಕು. ವೃತ್ತಿ ಹೊಣೆಗಾರಿಕೆಯ ವಿಮೆ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನಿರ್ಮಾಣದ ನಡುವೆ ಗುತ್ತಿಗೆದಾರರು ಸೂಚಿಸುವ ಬದಲಾವಣೆ ಎಷ್ಟೇ ಚಿಕ್ಕದಾಗಿರಲಿ, ವಿನ್ಯಾಸಕಾರರ ಲಿಖಿತ ಒಪ್ಪಿಗೆ ಬರುವವರೆಗೆ ಅದರ ಬಿಲ್ಲನ್ನು ಪಾವತಿಸದಿರುವುದು ನಮ್ಮ ಕೈಯಲ್ಲೇ ಇದೆ. ಕಂಬಿಯ ಗಾತ್ರವನ್ನು ಮೊಬೈಲಿನಲ್ಲಿ ಮಾತನಾಡಿ ಬದಲಿಸುವ ಕಾಲ ಇದು. ಕಾನ್ಸಾಸ್ ಸಿಟಿಯಲ್ಲಿ ಅಂಥದೇ ಒಂದು ಕರೆಯ ವಿವಾದ ಕೊನೆಗೂ ಇತ್ಯರ್ಥವಾಗಲಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯವು 2025ರಲ್ಲಿ ವೃತ್ತಿಪರ ಇಂಜಿನಿಯರುಗಳ ಮಸೂದೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಿತು. ರಾಷ್ಟ್ರಮಟ್ಟದ ಮಂಡಳಿ ಮತ್ತು ನೋಂದಣಿ ಪುಸ್ತಕ ಅದರ ಮುಖ್ಯ ಅಂಶಗಳು. ಇಂಥ ಕಾಯಿದೆ ಬಂದಾಗ ನಮ್ಮ ಸದಸ್ಯರನ್ನು ಹೆಚ್ಚು ತಟ್ಟುವ ಪ್ರಶ್ನೆ, ಕಾರ್ಖಾನೆಯೊಳಗೆ ಸಂಬಳಕ್ಕಿರುವ ಇಂಜಿನಿಯರುಗಳಿಗೂ ನೋಂದಣಿ ಬೇಕೆ ಎಂಬುದು. ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕಕ್ಕೆ ಇದರಿಂದ ಹೊರೆಯಾದೀತು ಎಂಬ ಆತಂಕ ಸಹಜ. ಆದರೆ ಬಾಯ್ಲರ್, ಕ್ರೇನ್, ಒತ್ತಡದ ಟ್ಯಾಂಕು, ಜನ ಓಡಾಡುವ ಕಟ್ಟಡ ಇವುಗಳ ವಿನ್ಯಾಸಕ್ಕೆ ವಿನಾಯಿತಿ ಕೇಳುವುದು ಸಮರ್ಥನೀಯವಲ್ಲ. ಗೇಟಿನ ಒಳಗೆ ಬಿದ್ದರೂ ಹೊರಗೆ ಬಿದ್ದರೂ ತೊಲೆಯ ತೂಕ ಒಂದೇ. ಯಾವ ಕೆಲಸಕ್ಕೆ ನೋಂದಣಿ ಕಡ್ಡಾಯವಾಗಬೇಕು, ಯಾವುದಕ್ಕೆ ಬೇಡ ಎಂಬುದನ್ನು ಆಯಾ ಉದ್ಯಮದವರೇ ಪಟ್ಟಿ ಮಾಡಿ ವಾಣಿಜ್ಯ ಮಂಡಳಿಯ ಕಾರ್ಯದರ್ಶಿಗಳಿಗೆ ಬರೆದು ಕಳುಹಿಸಿದರೆ, ಅಂಥ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ ಸರ್ಕಾರಕ್ಕೆ ಸಲ್ಲಿಸುವುದು ಸುಲಭವಾಗುತ್ತದೆ.